ತಮ್ಮ ಮಾತನ್ನು ತಾವೇ ಆಡಲು ಮಕ್ಕಳಿಗೆ ಕಲಿಸುವ ಬಗೆ

ಯಾರಾದರೂ ಮಗುವಿಗೆ ಪ್ರಶ್ನೆ ಕೇಳಿದಾಗ ಅದರ ಪರವಾಗಿ ತಾವೇ ಉತ್ತರಿಸಿಬಿಡುವುದು ಅನೇಕ ಹಿರಿಯರ ರೂಢಿ. ಮೊದಲು ಬಿಡಬೇಕಾದದ್ದು ಇದನ್ನೇ. ಪ್ರಶ್ನೆಯನ್ನು ಗ್ರಹಿಸಿ, ಪದಗಳನ್ನು ಹುಡುಕಿ, ಧೈರ್ಯ ತಂದುಕೊಳ್ಳಲು ಮೂರು-ನಾಲ್ಕು ವರ್ಷದ ಮಗುವಿಗೆ ದೊಡ್ಡವರಿಗಿಂತ ಹೆಚ್ಚು ಸಮಯ ಬೇಕಾಗುವುದರಿಂದ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತ ಸುಮ್ಮನೆ ಕಾಯಬೇಕು.

ಜಗಳದ ಗಳಿಗೆಯಲ್ಲಿ ಮಗುವಿಗೆ ಮಾತು ಹೊಳೆಯುವುದಿಲ್ಲ. ಆದ್ದರಿಂದ ಅದು ಸಮಾಧಾನವಾಗಿರುವಾಗಲೇ ಗೊಂಬೆಗಳನ್ನಿಟ್ಟು ಆಡಿಸುತ್ತ, "ಈಗ ನನ್ನ ಸರದಿ", "ನನಗೆ ಇಷ್ಟವಿಲ್ಲ, ನಿಲ್ಲಿಸು", "ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ" ಎಂಬಂಥ ಚಿಕ್ಕ ವಾಕ್ಯಗಳನ್ನು ರೂಢಿ ಮಾಡಿಸಬೇಕು. ಮಗು ಒಮ್ಮೆ ಆಟಿಕೆ ಕಸಿದುಕೊಂಡ ಗೊಂಬೆಯ ಪರವಾಗಿಯೂ ಇನ್ನೊಮ್ಮೆ ಕಳೆದುಕೊಂಡ ಗೊಂಬೆಯ ಪರವಾಗಿಯೂ ಮಾತನಾಡಲಿ. ಗಟ್ಟಿಯಾಗಿ ಹೇಳುವುದಕ್ಕೂ ಕಿರುಚಿ ಹೊಡೆಯುವುದಕ್ಕೂ ಇರುವ ಅಂತರ ಹಾಗೆಯೇ ತಿಳಿಯುತ್ತದೆ. ಮಾತು ಇನ್ನೂ ಬಾರದ ಮಗುವಿಗೆ ಅಂಗೈ ಮುಂದೆ ಚಾಚುವ ಸನ್ನೆಯೂ ಸಾಕು.

ಇದೆಲ್ಲಕ್ಕಿಂತ ಕಷ್ಟದ್ದು, ಮಗು ನಮಗೇ "ಬೇಡ" ಎಂದಾಗ ಅದನ್ನು ಗೌರವಿಸುವುದು. ನೆಂಟರನ್ನು ಅಪ್ಪಿಕೊಳ್ಳಲು ಒಲ್ಲೆನೆಂದರೆ ಒತ್ತಾಯ ಸಲ್ಲದು. ಔಷಧ ಕುಡಿಯುವುದು, ರಸ್ತೆ ದಾಟುವಾಗ ಕೈ ಹಿಡಿಯುವುದು ಮುಂತಾದವುಗಳಲ್ಲಿ ನಿರ್ಧಾರ ಹಿರಿಯರದೇ. ಆದರೂ "ನಿನಗೆ ಇಷ್ಟವಿಲ್ಲವೆಂದು ಗೊತ್ತು, ಕಾರಣ ಇದು" ಎಂದು ತಿಳಿಸಬೇಕು. ಸ್ವಂತ ಅಭಿಪ್ರಾಯ ರೂಪಿಸಿಕೊಳ್ಳಬಲ್ಲ ಮಗುವಿಗೆ, ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅದನ್ನು ಹೇಳುವ ಹಕ್ಕಿದೆ ಎಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯೂ ಹೇಳುತ್ತದೆ.

ಮಗುವಿನ ಎದುರಿನಲ್ಲೇ ಅದನ್ನು ನಾಚಿಕೆಯ ಸ್ವಭಾವದ್ದೆಂದು ಇತರರಿಗೆ ಪರಿಚಯಿಸಬೇಡಿ. ಯಾರಾದರೂ ನೋಯಿಸಿದರೆ, ಅಥವಾ ಗುಟ್ಟಾಗಿಡು ಎಂದು ಹೆದರಿಸಿದರೆ, ಅವರನ್ನು ಎದುರಿಸುವ ಹೊಣೆ ಮಗುವಿನದಲ್ಲವೆಂದೂ, ಕೂಡಲೇ ನಂಬಿಕೆಯ ಹಿರಿಯರಿಗೆ ಹೇಳಬೇಕೆಂದೂ ಮತ್ತೆ ಮತ್ತೆ ತಿಳಿಸಿರಿ.