ಮೊಟ್ಟೆಯ ಹಳದಿಗೆ ಬಣ್ಣ ಬರಿಸುವುದು ಹೇಗೆ?

ಹಿತ್ತಲಲ್ಲಿ ಕೋಳಿ ಸಾಕುವವರಲ್ಲಿ ಮೇವಿಗೆ ಚಮಚಗಟ್ಟಲೆ ಅರಿಶಿನ ಸುರಿಯುವವರಿದ್ದಾರೆ, ಕ್ಯಾರೆಟ್ ತುರಿದು ಹಾಕುವವರಿದ್ದಾರೆ. ಎರಡರಿಂದಲೂ ಹೇಳಿಕೊಳ್ಳುವಂಥ ಬಣ್ಣ ಬರುವುದಿಲ್ಲ. ಕ್ಯಾರೆಟ್‌ನ ಬೀಟಾ ಕ್ಯಾರೋಟಿನ್‌ನ ಬಹುಪಾಲನ್ನು ಕೋಳಿ 'ಎ' ಜೀವಸತ್ವವಾಗಿ ಮಾರ್ಪಡಿಸಿಕೊಂಡುಬಿಡುತ್ತದೆ. ಹಳದಿಗೆ ರಂಗು ಕೊಡುವುದು ಲ್ಯೂಟಿನ್, ಝಿಯಾಕ್ಸಾಂಥಿನ್‌ನಂಥ ಕ್ಸಾಂಥೋಫಿಲ್‌ಗಳು. ಗಿಡಗಳಲ್ಲಿರುವ ಈ ಬಣ್ಣದ ಅಂಶಗಳನ್ನು ಕೋಳಿ ತಾನಾಗಿ ತಯಾರಿಸಲಾರದು. ಮೇವಿನಲ್ಲಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಕೆಳಗಿನ ಲೆಕ್ಕವೆಲ್ಲ ಹತ್ತು ಕೋಳಿಗೆ. ಮೊಟ್ಟೆ ಇಡುವ ಕೋಳಿ ದಿನಕ್ಕೆ 100ರಿಂದ 120 ಗ್ರಾಂ ತಿನ್ನುತ್ತದೆ, ಅಂದರೆ 10 ಕೆ.ಜಿ. ಮೇವು ಒಂಬತ್ತು ದಿನಕ್ಕೆ ಸರಿಹೋಗುತ್ತದೆ. ನಾಟಿ ಕೋಳಿ ಇನ್ನೂ ಕಡಿಮೆ ತಿನ್ನುತ್ತದೆ.

1. ಮೂಲ ಮೇವು

ನುಚ್ಚಕ್ಕಿ, ಬಿಳಿ ಜೋಳ, ಗೋಧಿ, ರಾಗಿ ಇವುಗಳಲ್ಲಿ ಬಣ್ಣ ಇಲ್ಲವೆನ್ನುವಷ್ಟು ಕಡಿಮೆ. ಬರೀ ನುಚ್ಚು ತಿಂದ ಕೋಳಿಯ ಮೊಟ್ಟೆ ಬಿಳಿಚಿಕೊಂಡಿರುವುದು ಅದಕ್ಕೇ. ಹಳದಿ ಮೆಕ್ಕೆಜೋಳದಲ್ಲಿ ಕೆ.ಜಿ.ಗೆ ಸುಮಾರು 20 ಮಿಲಿಗ್ರಾಂ ಕ್ಸಾಂಥೋಫಿಲ್ ಇರುತ್ತದೆ. ಮೇವಿನ ಅರ್ಧದಷ್ಟು ಅದೇ ಇದ್ದರೆ ನೋಡಲು ತಕ್ಕ ಹಳದಿ ಬರುತ್ತದೆ. ಹಳೇ ದಾಸ್ತಾನು ಬೇಡ, ಇಟ್ಟಷ್ಟೂ ಬಣ್ಣ ಇಳಿಯುತ್ತದೆ.

ಲೇಯರ್ ಮ್ಯಾಶ್ (ಮೊಟ್ಟೆ ಕೋಳಿಯ ಸಿದ್ಧ ಮೇವು) ತರುವವರು ಅದಕ್ಕೆ ಮನೆಯ ನುಚ್ಚು ಬೆರೆಸಿ ಹಿಗ್ಗಿಸಬೇಡಿ. ಮ್ಯಾಶ್‌ನಲ್ಲಿ ಲೆಕ್ಕ ಹಾಕಿಟ್ಟ ಶೇ 16–18 ಪ್ರೋಟೀನ್, ಶೇ 3.5–4 ಕ್ಯಾಲ್ಸಿಯಂ ಎರಡೂ ತೆಳುವಾಗಿ, ಮೊಟ್ಟೆಯ ಸಿಪ್ಪೆ ಮುಟ್ಟಿದರೆ ಒಡೆಯುವಂತಾಗುತ್ತದೆ. ಕಪ್ಪೆಚಿಪ್ಪಿನ ಚೂರನ್ನು ಬೇರೆ ಬಟ್ಟಲಲ್ಲಿಡಿ, ಬೇಕಾದಷ್ಟು ಅವೇ ಕುಕ್ಕಿಕೊಳ್ಳುತ್ತವೆ.

2. ಸೊಪ್ಪು

ನುಗ್ಗೆ, ಕುದುರೆ ಮಸಾಲೆ (ಲೂಸರ್ನ್ ಮೇವಿನ ಸೊಪ್ಪು), ಅಜೋಲಾ (ನೀರಲ್ಲಿ ತೇಲುವ ಪುಟ್ಟ ಸಸ್ಯ) ಯಾವುದಾದರೂ ಸರಿ. ಒಂದೊಂದು ಕೋಳಿಗೆ 20–30 ಗ್ರಾಂ, ಮಧ್ಯಾಹ್ನದ ಮೇಲೆ, ಕಟ್ಟು ಕಟ್ಟಿ ಅವುಗಳ ತಲೆಯ ಎತ್ತರಕ್ಕೆ ತೂಗುಹಾಕಿ. ಪಾಲಕ್ ದಿನವೂ ಬೇಡ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ಸುಬಾಬುಲ್ ಎಂಬ ಮೇವಿನ ಮರದ ಎಲೆಯಲ್ಲಿ ಬಣ್ಣವೇನೋ ಹೇರಳ, ಆದರೆ ಮಿಮೋಸಿನ್ ಎಂಬ ವಿಷವೂ ಇದೆ. ನನ್ನ ಮಾತು ಕೇಳುವುದಾದರೆ ಅದರ ಸುದ್ದಿಗೇ ಹೋಗಬೇಡಿ.

3. ಚೆಂಡು ಹೂವಿನ ಪುಡಿ

ಜನ ಎಡವುವುದೆಲ್ಲ ಇಲ್ಲೇ. ಗುಂಡ್ಲುಪೇಟೆ ಕಡೆ ಎಕರೆಗಟ್ಟಲೆ ಚೆಂಡು ಹೂ ಬೆಳೆದು ಕಾರ್ಖಾನೆಗೆ ಕಳಿಸುವುದು ಇದೇ ಲ್ಯೂಟಿನ್‌ಗಾಗಿ. ಒಣ ಎಸಳಿನಲ್ಲಿ ಮೆಕ್ಕೆಜೋಳದ ನೂರಾರು ಪಟ್ಟು ಬಣ್ಣ ಇರುತ್ತದೆ. ಆದರೆ ಬಿಸಿಲು, ಗಾಳಿ ತಾಗಿದರೆ ಅಷ್ಟೇ ಬೇಗ ಹಾಳಾಗುತ್ತದೆ.

ಗಾಢ ಕೇಸರಿ ಹೂವನ್ನೇ ಆರಿಸಿ. ತಿಳಿ ಹಳದಿ ಹೂವಿನಲ್ಲಿ ಲ್ಯೂಟಿನ್ ಕಡಿಮೆ. ಆಯುಧಪೂಜೆ ಮುಗಿದ ಮೇಲೆ ಗಾಡಿಯಿಂದ ಬಿಚ್ಚಿದ ಹಾರ ಬೇಡವೇ ಬೇಡ. ಅದಕ್ಕೆ ಯಾವ ಔಷಧಿ ಹೊಡೆದಿದ್ದಾರೋ ತಿಳಿಯದು, ದಾರದ ಬಳಿ ಬೂಷ್ಟು ಹಿಡಿದೂ ಇರುತ್ತದೆ. ಹಸಿರು ತೊಟ್ಟು ತೆಗೆದು ಎಸಳನ್ನಷ್ಟೇ ಬಿಡಿಸಿ. ತೊಟ್ಟಿನಲ್ಲಿ ನೀರು ಉಳಿದು ಇಡೀ ಡಬ್ಬ ಕೆಡುತ್ತದೆ.

ಎಸಳನ್ನು ಬಟ್ಟೆಯ ಮೇಲೆ ಒಂದೇ ಪದರವಾಗಿ ಹರಡಿ ನೆರಳಲ್ಲಿ ಒಣಗಿಸಿ. ತಾರಸಿಯ ಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದೆ ನಿಜ, ಕೇಸರಿ ಹೋಗಿ ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಅದನ್ನು ಹಾಕಿದರೂ ಒಂದೇ, ಬಿಟ್ಟರೂ ಒಂದೇ. ಗಾಳಿಯಾಡುವ ಕೋಣೆಯಲ್ಲಿ ಮೂರು ನಾಲ್ಕು ದಿನ ಬೇಕು. ಬೆರಳಲ್ಲಿ ಹಿಸುಕಿದರೆ ಮಡಚದೆ ಪುಡಿಯಾಗಬೇಕು. ಅರ್ಧ ಕೆ.ಜಿ. ಹಸಿ ಎಸಳು ಒಣಗಿ 50–60 ಗ್ರಾಂ ಆಗುತ್ತದೆ. ಬೆಳಕು ತೂರದ ಡಬ್ಬದಲ್ಲಿ ಅಂಚಿನವರೆಗೆ ಒತ್ತಿ ತುಂಬಿ, ಬೇಕಾದಾಗಷ್ಟೇ ಪುಡಿಮಾಡಿ. ಎರಡು ಮೂರು ತಿಂಗಳಿಗಿಂತ ಹೆಚ್ಚು ಇಡಬೇಡಿ.

ಪ್ರಮಾಣ ಕೆ.ಜಿ. ಮೇವಿಗೆ 5 ಗ್ರಾಂ, ಅಂದರೆ 10 ಕೆ.ಜಿ.ಗೆ 50 ಗ್ರಾಂ. ಚಮಚದ ಅಳತೆ ನೆಚ್ಚಬೇಡಿ, ಪುಡಿ ಹಗುರ, ತೂಕ ಮಾಡಿ.

ಇನ್ನು ಬೆರೆಸುವುದು. ಮೇವಿನ ಮೇಲೆ ಪುಡಿ ಉದುರಿಸಿ ಕೈಯಾಡಿಸಿದರೆ ಅದು ತಟ್ಟೆಯ ತಳ ಸೇರುತ್ತದೆ. ಜೋರಿನ ಕೋಳಿಗಳು ಕಾಳು ಆರಿಸಿ ಹೋಗುತ್ತವೆ, ಕೊನೆಗೆ ಬಂದ ಮೆತ್ತನೆಯ ಕೋಳಿಗೆ ಬಣ್ಣವೆಲ್ಲ ಸಿಗುತ್ತದೆ. ಒಂದೇ ಗೂಡಿನಲ್ಲಿ ಒಂದು ಮೊಟ್ಟೆ ಕೇಸರಿ, ಒಂದು ಬಿಳಿಚು ಬರುವುದಕ್ಕೆ ಇದೂ ಕಾರಣ. ಆದ್ದರಿಂದ 50 ಗ್ರಾಂ ಪುಡಿಗೆ 50 ಗ್ರಾಂ ಅಡುಗೆ ಎಣ್ಣೆ ಹಾಕಿ ಉಜ್ಜಿ. ಕ್ಸಾಂಥೋಫಿಲ್ ಕೊಬ್ಬಿನಲ್ಲಿ ಕರಗುವಂಥದ್ದು, ಎಣ್ಣೆಯಿದ್ದರೆ ಕರುಳು ಚೆನ್ನಾಗಿ ಹೀರುತ್ತದೆ. ಅದನ್ನು ಅರ್ಧ ಕೆ.ಜಿ. ಮೇವಿಗೆ ಕಲಸಿ, ಆಮೇಲೆ ಒಂದು ಕೆ.ಜಿ.ಗೆ, ಎರಡಕ್ಕೆ, ಹೀಗೆ ಹೆಚ್ಚಿಸುತ್ತ ಹತ್ತಕ್ಕೆ ತನ್ನಿ. ಹತ್ತು ದಿನದೊಳಗೆ ಖಾಲಿ ಮಾಡಿ, ಎಣ್ಣೆ ಕಮಟು ಹಿಡಿಯುತ್ತದೆ.

4. ಕೆಂಪು ಬೇಕಿದ್ದರೆ

ಬೀಜ ತೆಗೆದ ಬ್ಯಾಡಗಿ ಮೆಣಸಿನಪುಡಿ, ಕೆ.ಜಿ. ಮೇವಿಗೆ 2 ಗ್ರಾಂ. ಅದರ ಕ್ಯಾಪ್ಸಾಂಥಿನ್ ಎಂಬ ಕೆಂಪು ಬಣ್ಣ ಕೇಸರಿ ಛಾಯೆ ಕೊಡುತ್ತದೆ. ಕೋಳಿಗೆ ಖಾರ ತಾಗುವುದಿಲ್ಲ, ಹಕ್ಕಿಗಳಿಗೆ ಆ ಉರಿ ತಿಳಿಯದು. ಹಳದಿ ಕೂತ ಮೇಲಷ್ಟೇ ಕೆಂಪು ಸೇರಿಸಿ, ಬರೀ ಕೆಂಪಾದರೆ ನೋಡಲು ಚೆನ್ನಲ್ಲ. ಸಂತೆಯಲ್ಲಿ ಸಿಗುವ ಕಳಪೆ ಪುಡಿಯಲ್ಲಿ ಸುಡಾನ್ ಎಂಬ, ಆಹಾರಕ್ಕೆ ಸಲ್ಲದ ರಾಸಾಯನಿಕ ಬಣ್ಣ ಬೆರೆತಿರಬಹುದು, ಇಡೀ ಮೆಣಸಿನಕಾಯಿ ತಂದು ಮನೆಯಲ್ಲೇ ಪುಡಿಮಾಡಿ. 2006ರಲ್ಲಿ ಚೀನಾದಲ್ಲಿ ಬಾತುಕೋಳಿ ಮೊಟ್ಟೆಯ 'ಕೆಂಪು ಹಳದಿ'ಯ ಗುಟ್ಟು ಬಯಲಾದಾಗ ಸಿಕ್ಕಿದ್ದು ಇದೇ ಸುಡಾನ್.

5. ಕಾದು ನೋಡುವುದು

ಮೊಟ್ಟೆಯ ಹಳದಿ, ಈರುಳ್ಳಿಯಂತೆ ಪದರ ಪದರವಾಗಿ ಸುಮಾರು ಹತ್ತು ದಿನ ಬೆಳೆಯುತ್ತದೆ. ನಾಲ್ಕನೇ ದಿನದ ಮೊಟ್ಟೆಯಲ್ಲಿ ಹೊರ ಪದರಗಳಿಗಷ್ಟೇ ಹೊಸ ಬಣ್ಣ ಬಂದಿರುತ್ತದೆ. ಆಗಲೇ 'ಸಾಲದು' ಎಂದು ಪುಡಿ ದುಪ್ಪಟ್ಟು ಮಾಡುವವರು ಎರಡನೇ ವಾರ ಅತಿ ಗಾಢ ಮೊಟ್ಟೆ ಒಡೆದು ಬೆಚ್ಚುತ್ತಾರೆ. ಮೊಟ್ಟೆಗೆ ಪೆನ್ಸಿಲ್‌ನಿಂದ ತಾರೀಖು ಬರೆದು, ಹನ್ನೆರಡನೇ ದಿನದ ಮೊಟ್ಟೆಯನ್ನು ಹಸಿಯಾಗಿ ಬಿಳಿ ತಟ್ಟೆಗೆ ಒಡೆದು ಹಗಲು ಬೆಳಕಲ್ಲಿ ನೋಡಿ. ಬೇಯಿಸಿದ್ದನ್ನು ಹೋಲಿಸಬೇಡಿ, ಹೆಚ್ಚು ಬೆಂದಾಗ ಕಾಣುವ ಹಸಿರು ಉಂಗುರ ಕಬ್ಬಿಣ, ಗಂಧಕ ಸೇರಿ ಆಗುವುದು, ಮೇವಿನ ದೋಷವಲ್ಲ.

ಇಷ್ಟಾಗಿ, ಕೇಸರಿ ಹಳದಿಯಲ್ಲಿ ಲ್ಯೂಟಿನ್ ಹೆಚ್ಚು, ಪ್ರೋಟೀನ್ ಮಾತ್ರ ಬಿಳಿಚಿದ ಹಳದಿಯಲ್ಲಿರುವಷ್ಟೇ. 'ಅಸಲಿ ನಾಟಿ' ಎಂದು ಬಣ್ಣ ತೋರಿಸಿ ಹೆಚ್ಚು ಬೆಲೆ ಕೇಳಿದರೆ ಒಪ್ಪಬೇಕಿಲ್ಲ. ಗುಣವೇ ಹೆಚ್ಚಬೇಕಿದ್ದರೆ ಅಗಸೆ ಬೀಜ ಹುರಿದು ತರಿ ಮಾಡಿ ಮೇವಿನ ಶೇ 5ರಷ್ಟು ಸೇರಿಸಿ, ಒಮೆಗಾ-3 ಏರುತ್ತದೆ. ಶೇ 10 ದಾಟಿದರೆ ಮೀನಿನ ವಾಸನೆ. ಒಣಮೀನಿನ ಪುಡಿ ಅತಿಯಾದರೂ ಅದೇ ಕಥೆ.

ಆದರೂ ಬಣ್ಣ ಬಾರದಿದ್ದರೆ

ಬೂಷ್ಟು ಹಿಡಿದ ಮೆಕ್ಕೆಜೋಳ, ಶೇಂಗಾ ಹಿಂಡಿ ಮೊದಲ ಶಂಕಿತರು. ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಇದ್ದರೆ ಬಣ್ಣ ಹೀರಿಕೆಯೇ ಕುಸಿಯುತ್ತದೆ. ಜಂತು, ರಕ್ತಭೇದಿ ಇದ್ದರೂ ಅಷ್ಟೆ. ಹಿಕ್ಕೆಯನ್ನು ಪಶು ಆಸ್ಪತ್ರೆಯಲ್ಲಿ ತೋರಿಸಿ. ಹಳದಿ ಕಾಲಿನ ಕೋಳಿಯ ಕಾಲು ಬಿಳಿಚಿದ್ದರೆ ಗಾಬರಿ ಬೇಡ, ಮೊಟ್ಟೆ ಚೆನ್ನಾಗಿ ಇಡುತ್ತಿದೆ, ಬಣ್ಣವೆಲ್ಲ ಅಲ್ಲಿಗೆ ಹೋಗುತ್ತಿದೆ ಎಂದರ್ಥ.

ರಾಯಚೂರು, ಬಳ್ಳಾರಿ ಕಡೆ ದನದ ಗೋದಲಿಗೆ ಹೋಗಿ ಹತ್ತಿಕಾಳು ಹಿಂಡಿ ಕೆದಕುವ ಕೋಳಿಗಳದ್ದು ಬೇರೆಯೇ ಸಮಸ್ಯೆ. ಇಟ್ಟ ದಿನ ಸರಿಯಿದ್ದ ಮೊಟ್ಟೆ ಕೆಲವು ದಿನ ಇಟ್ಟು ಒಡೆದರೆ ಹಳದಿ ಕಂದು-ಹಸಿರು, ಬಿಳಿ ಲೋಳೆ ನಸುಗುಲಾಬಿ. ಹಳದಿ ಕೆಡಿಸುವುದು ಹತ್ತಿಕಾಳಿನಲ್ಲಿರುವ ಗಾಸಿಪಾಲ್ ಎಂಬ ವಿಷ, ಬಿಳಿಯನ್ನು ಕೆಡಿಸುವುದು ಹತ್ತಿಕಾಳಿನ ಎಣ್ಣೆಯಂಶ. ಇದಕ್ಕೆ ಚೆಂಡು ಹೂ ಮದ್ದಲ್ಲ, ಗೋದಲಿಗೆ ಕೋಳಿ ಹೋಗದಂತೆ ಬಲೆ ಕಟ್ಟಿ.