ಜೋಡಿಸಿಯೇ ಬಂದ ಗೇಮಿಂಗ್ ಕಂಪ್ಯೂಟರಿಗೆ ರ‍್ಯಾಮ್ ಹೆಚ್ಚಿಸುವುದು ಹೇಗೆ?

ಅಂಗಡಿಯವರೇ ಜೋಡಿಸಿ ಕೊಟ್ಟ ಗೇಮಿಂಗ್ ಕಂಪ್ಯೂಟರ್ ಮನೆಗೆ ಬಂದ ದಿನವೇ ಅದನ್ನು ಬಿಚ್ಚಿ ಹೆಚ್ಚುವರಿ ರ‍್ಯಾಮ್ ಹಾಕಲು ಹೊರಟವರನ್ನು ನಾನು ಹಲವು ಮನೆಗಳಲ್ಲಿ ನೋಡಿದ್ದೇನೆ. ಆಮೇಲೆ ಪರದೆ ಕಪ್ಪಾಗಿಯೇ ಉಳಿದರೆ ದೋಷ ಹೊಸ ರ‍್ಯಾಮಿನದೋ, ಯಂತ್ರ ಬರುವಾಗಲೇ ಇದ್ದದ್ದೋ ಎಂದು ತಿಳಿಯುವುದು ಕಷ್ಟ. ಆದ್ದರಿಂದ ಮೊದಲ ಒಂದು ವಾರ ಯಂತ್ರವನ್ನು ಯಾವ ಭಾಗವನ್ನೂ ಬದಲಿಸದೆ, ಬಂದ ಹಾಗೆಯೇ ಓಡಿಸಬೇಕು. ಕ್ಯಾಬಿನೆಟ್ ಬಿಚ್ಚಿ ರ‍್ಯಾಮ್ ಬದಲಿಸಿದರೆ ವಾರಂಟಿ ಉಳಿಯುತ್ತದೆಯೇ ಎಂಬುದನ್ನೂ ಆ ಅವಧಿಯಲ್ಲೇ ಮಾರಿದವರಿಂದ ಬರಹದಲ್ಲಿ ಪಡೆದುಕೊಳ್ಳಬೇಕು.

ಮೊದಲ ಹಂತ, ಚಾಲನೆ. ಸಾಗಣೆಗಾಗಿ ಗ್ರಾಫಿಕ್ಸ್ ಕಾರ್ಡಿನ ಸುತ್ತ ತುಂಬಿದ ಫೋಮ್ ಇದ್ದರೆ ತೆಗೆಯಿರಿ. ಬದಿಯ ಗಾಜನ್ನು ಬಿಚ್ಚಿದಾಗ ಟೈಲ್ಸ್ ನೆಲದ ಮೇಲೆ ನಿಲ್ಲಿಸಬೇಡಿ. ಟೆಂಪರ್ಡ್ ಗಾಜಿನ ಅಂಚು ಟೈಲ್ಸಿಗೆ ತಾಗಿದರೆ ಇಡೀ ಗಾಜು ಪುಡಿಯಾಗಬಹುದು. ಮಾನಿಟರಿನ ಕೇಬಲನ್ನು ಮದರ್‌ಬೋರ್ಡಿನ ಕಿಂಡಿಗೆ ಸಿಕ್ಕಿಸದೆ, ಕೆಳಗಿರುವ ಗ್ರಾಫಿಕ್ಸ್ ಕಾರ್ಡಿನ ಕಿಂಡಿಗೇ ಸಿಕ್ಕಿಸಿ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 60 ಹರ್ಟ್ಸ್ (ಸೆಕೆಂಡಿಗೆ 60 ಬಾರಿ ಚಿತ್ರ ಬದಲಾಗುವುದು) ಎಂದಿದ್ದರೆ ಮಾನಿಟರಿನ ಸಾಮರ್ಥ್ಯಕ್ಕೆ ತಕ್ಕಂತೆ 144 ಅಥವಾ 165ಕ್ಕೆ ಏರಿಸಿ.

ಎರಡನೆಯದು, ಡ್ರೈವರ್, ಅಂದರೆ ಗ್ರಾಫಿಕ್ಸ್ ಕಾರ್ಡನ್ನು ವಿಂಡೋಸ್ ಬಳಸಲು ಬೇಕಾದ ತಂತ್ರಾಂಶ. ಗ್ರಾಫಿಕ್ಸ್ ಚಿಪ್ ತಯಾರಕರ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಎಲ್ಲ ಡ್ರೈವರ್‌ಗಳನ್ನೂ ತಾನೇ ಹುಡುಕಿ ಹಾಕುತ್ತೇನೆನ್ನುವ ತಂತ್ರಾಂಶಗಳನ್ನು ಹತ್ತಿರಕ್ಕೂ ಬಿಟ್ಟುಕೊಳ್ಳಬೇಡಿ.

ಮೂರನೆಯದು, ಖರೀದಿ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ರ‍್ಯಾಮ್ ಕೂರಿಸುವ ಎಷ್ಟು ಸ್ಲಾಟ್ ಬಳಕೆಯಲ್ಲಿವೆ ಎಂಬುದು ಕಾಣುತ್ತದೆ. ಬೆಲೆ ಇಳಿಸಲು ಒಂದೇ ಸ್ಟಿಕ್ (ರ‍್ಯಾಮಿನ ಪಟ್ಟಿ) ಹಾಕಿ ಕೊಟ್ಟಿದ್ದರೆ ಪ್ರೊಸೆಸರಿನ ಎರಡು ಮೆಮೊರಿ ಚಾನೆಲ್‌ಗಳಲ್ಲಿ (ಮಾಹಿತಿ ಸಾಗುವ ದಾರಿಗಳಲ್ಲಿ) ಒಂದು ಖಾಲಿ ಉಳಿದಿರುತ್ತದೆ. ಡಿಡಿಆರ್5-5600 (ಡಿಡಿಆರ್5 ತಲೆಮಾರಿನ, 5600 ವೇಗದ) ರ‍್ಯಾಮ್ ಒಂದು ಚಾನೆಲ್‌ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 44.8 ಜಿಬಿ ಸಾಗಿಸಬಲ್ಲದು. ಎರಡರಲ್ಲಿ ಅದು 89.6 ಜಿಬಿ. ನನ್ನ ಸಲಹೆ ಸ್ಪಷ್ಟ: ಹಳೆಯದರ ಪಕ್ಕದಲ್ಲಿ ಬೇರೊಂದನ್ನು ಸೇರಿಸದೆ, ಒಂದೇ ಪ್ಯಾಕೆಟ್ಟಿನಲ್ಲಿ ಬರುವ 16 ಜಿಬಿಯ ಎರಡು ಸ್ಟಿಕ್‌ಗಳ ಜೋಡಿಯನ್ನೇ ಕೊಳ್ಳಿ. ಡಿಡಿಆರ್5ನಲ್ಲಿ ನಾಲ್ಕೂ ಸ್ಲಾಟ್ ತುಂಬಿಸಿದರೆ ವೇಗವನ್ನು ಸಾಮಾನ್ಯವಾಗಿ ತಗ್ಗಿಸಬೇಕಾಗುತ್ತದೆ. ಡಿಡಿಆರ್4 ಸ್ಟಿಕ್ ಡಿಡಿಆರ್5 ಸ್ಲಾಟಿನಲ್ಲಿ ಕೂರುವುದೇ ಇಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡರೂ ಆನ್‌ಲೈನಿನಲ್ಲಿ ತರಿಸಿದರೂ ಬಿಲ್ಲಿಲ್ಲದ, ಪ್ಯಾಕೆಟ್ ಒಡೆದ ರ‍್ಯಾಮ್ ಬೇಡ. ಬಣ್ಣದ ದೀಪಗಳಿಗೆ ಹಣ ಸುರಿಯುವುದೂ ಬೇಡ. ಎತ್ತರದ ಹೊದಿಕೆಯಿರುವ ಸ್ಟಿಕ್ ಕೆಲವೊಮ್ಮೆ ಪ್ರೊಸೆಸರಿನ ಕೂಲರಿಗೆ ತಾಗುತ್ತದೆ.

ನಾಲ್ಕನೆಯ ಹಂತದಲ್ಲೇ ಹೆಚ್ಚಿನವರು ಎಡವುವುದರಿಂದ ಅದನ್ನು ನಿಧಾನವಾಗಿ ಓದಿ. ಬಯಾಸ್ (ವಿಂಡೋಸ್‌ಗೂ ಮೊದಲು ಓಡುವ ಮದರ್‌ಬೋರ್ಡಿನ ತಂತ್ರಾಂಶ) ಸೆಟ್ಟಿಂಗ್ ಬದಲಿಸಿದಾಗ, ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ಬಿಟ್‌ಲಾಕರ್‌ನ ರಿಕವರಿ ಕೀಯನ್ನು ವಿಂಡೋಸ್ ಕೇಳಬಹುದು. ಮೈಕ್ರೋಸಾಫ್ಟ್ ಖಾತೆಯಲ್ಲಿರುವ ಅದನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಯಂತ್ರವನ್ನು ಆರಿಸಿ, ಎಸ್‌ಎಂಪಿಎಸ್‌ನ (ವಿದ್ಯುತ್ ಪೂರೈಸುವ ಪೆಟ್ಟಿಗೆಯ) ಸ್ವಿಚ್ ಆಫ್ ಮಾಡಿ, ವೈರು ಕಿತ್ತು, ಪವರ್ ಬಟನ್ನನ್ನು ಕೆಲವು ಕ್ಷಣ ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಹೊರಹಾಕಿ. ಕ್ಯಾಬಿನೆಟ್ಟನ್ನು ಮೇಜಿನ ಮೇಲೆ ಮಲಗಿಸಿ, ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ, ನಂತರವೇ ರ‍್ಯಾಮಿಗೆ ಕೈಹಾಕಿ. ಮೊದಲು ಕೊಕ್ಕೆ ಬಿಡಿಸಿ ಹಳೆಯ ಸ್ಟಿಕ್ಕನ್ನು ಹೊರತೆಗೆಯಿರಿ. ನಾಲ್ಕು ಸ್ಲಾಟ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರಿನ ಕಡೆಯಿಂದ ಎಣಿಸಿ 2 ಮತ್ತು 4ನೆಯದು ಸರಿಯಾದ ಜಾಗ. ಮದರ್‌ಬೋರ್ಡಿನ ಕೈಪಿಡಿಯಲ್ಲಿ ಖಚಿತಪಡಿಸಿಕೊಳ್ಳಿ. ಪಕ್ಕಪಕ್ಕದ ಸ್ಲಾಟ್‌ಗಳಲ್ಲಿ ಹಾಕಿ ಎರಡನೆಯ ಚಾನೆಲನ್ನು ಮತ್ತೆ ಖಾಲಿ ಬಿಟ್ಟವರನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗಿದೆ. ಸ್ಟಿಕ್‌ನ ಕಚ್ಚು ಸ್ಲಾಟಿನ ಉಬ್ಬಿಗೆ ಸರಿಹೊಂದಿದ ಮೇಲೆ ಎರಡೂ ತುದಿಗಳನ್ನು ಹೆಬ್ಬೆರಳಿನಿಂದ ಒತ್ತಬೇಕು. ಒತ್ತಡ ಹೆಚ್ಚಾಯಿತೇನೋ ಎಂಬ ಅಳುಕಿನಿಂದ ಅರ್ಧಕ್ಕೇ ಕೈ ತೆಗೆಯುವುದೇ ಇಲ್ಲಿನ ದೊಡ್ಡ ತಪ್ಪು. ಟಕ್ಕೆಂದು ಸದ್ದಾಗಿ ಕೊಕ್ಕೆ ತಾನಾಗಿ ಮುಚ್ಚಿಕೊಳ್ಳಬೇಕು. ಕೆಲವು ಬೋರ್ಡುಗಳಲ್ಲಿ ಕೊಕ್ಕೆ ಒಂದೇ ತುದಿಯಲ್ಲಿರುವುದರಿಂದ ಮತ್ತೊಂದು ತುದಿ ಎದ್ದು ನಿಂತಿಲ್ಲವೇ ಎಂದು ಬಗ್ಗಿ ನೋಡಿ.

ಈಗ ಯಂತ್ರ ಹಾಕಿದರೆ ಫ್ಯಾನು ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಹೆದರಿ ಪವರ್ ಬಟನ್ ಒತ್ತಬೇಡಿ. ಹೊಸ ಡಿಡಿಆರ್5 ರ‍್ಯಾಮ್ ಕಂಡ ಮದರ್‌ಬೋರ್ಡ್ ಅದರೊಂದಿಗೆ ಹೊಂದಿಕೊಳ್ಳಲು ಮೊದಲ ಬಾರಿ ಹಲವು ನಿಮಿಷ ತೆಗೆದುಕೊಳ್ಳುವುದುಂಟು. ಹದಿನೈದು ನಿಮಿಷ ಗಡಿಯಾರ ನೋಡಿಯೇ ಕಾಯಿರಿ. ಆಗಲೂ ಚಿತ್ರ ಬಾರದಿದ್ದರೆ ಮತ್ತೆ ವಿದ್ಯುತ್ ಕಡಿದು, ಒಂದೇ ಸ್ಟಿಕ್ಕನ್ನು 2ನೆಯ ಸ್ಲಾಟಿನಲ್ಲಿ ಕೂರಿಸಿ ನೋಡಿ. ನಂತರ ಅದೇ ಜಾಗದಲ್ಲಿ ಇನ್ನೊಂದನ್ನು.

ಐದನೆಯದು, ಬಯಾಸ್. 6000 ಎಂದು ಬರೆದ ರ‍್ಯಾಮ್ ತಾನಾಗಿ ಆ ವೇಗದಲ್ಲಿ ಓಡುವುದಿಲ್ಲ. ಇಂಟೆಲ್ ಯಂತ್ರದಲ್ಲಿ ಎಕ್ಸ್‌ಎಂಪಿ, ಎಎಂಡಿಯಲ್ಲಿ ಎಕ್ಸ್‌ಪೋ ಎಂಬ ಆಯ್ಕೆಯನ್ನು ಚಾಲೂ ಮಾಡಬೇಕು. ಕೆಲವು ಸಿದ್ಧ ಯಂತ್ರಗಳ ಬಯಾಸ್‌ನಲ್ಲಿ ಈ ಆಯ್ಕೆಯೇ ಇರುವುದಿಲ್ಲ, ಹಾಗಾಗಿ ದುಬಾರಿ ರ‍್ಯಾಮ್ ಕೊಳ್ಳುವ ಮೊದಲೇ ಇದನ್ನು ನೋಡಿಕೊಳ್ಳಿ.

ಕೊನೆಗೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶವನ್ನು ಪೆನ್‌ಡ್ರೈವ್‌ನಿಂದ ಚಾಲೂ ಮಾಡಿ ರಾತ್ರಿಯಿಡೀ ಓಡಲು ಬಿಡಿ. ಒಂದೇ ಒಂದು ದೋಷ ತೋರಿಸಿದರೂ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆಫ್ ಮಾಡಿ ಮತ್ತೆ ಪರೀಕ್ಷಿಸಿ. ಆಗಲೂ ದೋಷ ಬಂದರೆ ಆ ಜೋಡಿಯನ್ನು ಹಿಂದಿರುಗಿಸಿ. ಹಳೆಯ ಸ್ಟಿಕ್ಕನ್ನು ಮಾರದೆ, ಹೊಸದು ಬಂದ ಪ್ಯಾಕೆಟ್ಟಿನಲ್ಲಿಯೇ ಜೋಪಾನವಾಗಿಡಿ. ಯಂತ್ರವನ್ನು ಎಂದಾದರೂ ಸರ್ವೀಸಿಗೆ ಕಳುಹಿಸಬೇಕಾದರೆ ಹಳೆಯದನ್ನೇ ಹಾಕಿ ಕಳುಹಿಸಬಹುದು.