ಹಳೇ ಟ್ರಾವೆಲರ್ ಕ್ಯಾಂಪರ್: ರೇಡಿಯೇಟರ್‌ನಿಂದ ಸೈಲೆನ್ಸರ್ ತನಕ

ಗಾಡಿ ಹೀಟ್ ಆಗ್ತಿದೆ ಅಂದ ಕೂಡಲೇ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: "ಥರ್ಮೋಸ್ಟಾಟ್ ಕಿತ್ತು ಒಗೀರಿ, ಆರಾಮ ಆಗ್ತದ." ಎಂಜಿನ್ ಬಿಸಿಯಾದ ಮೇಲಷ್ಟೇ ನೀರನ್ನು ರೇಡಿಯೇಟರ್‌ಗೆ ಬಿಡುವ ಈ ಕವಾಟವನ್ನು ದಯವಿಟ್ಟು ಕೀಳಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಮ್ಮದು ಹಳೇ ಟೆಂಪೋ ಟ್ರಾವೆಲರ್. ಮರ್ಸಿಡಿಸ್‌ನ ಓಎಂ 616 ವಂಶದ 2.4 ಲೀಟರ್ ಡೀಸೆಲ್ ಎಂಜಿನ್. ಫೋರ್ಸ್ ಮೋಟರ್ಸ್ ಅನ್ನುವ ಹೆಸರು ಬರುವ ಮೊದಲು, ಬಜಾಜ್ ಟೆಂಪೋ ಕಾಲದಿಂದಲೇ ಬಂದ ಗಟ್ಟಿ ಎಂಜಿನ್. ಸೀಟು ತೆಗೆಸಿ ಎರಡು ಹಾಸಿಗೆ, ಒಂದು ಒಲೆ, ನೀರಿನ ಟ್ಯಾಂಕ್ ಹಾಕಿಸಿದ್ದೇವೆ. ಹಿಂದೆ ಮಲಗುವುದು ಅವ್ವ ಮತ್ತು ಮಗಳು. ಹಾಗಾಗಿ ಕೂಲಿಂಗ್ ಎಷ್ಟು ಮುಖ್ಯವೋ ಹೊಗೆಯ ದಾರಿಯೂ ಅಷ್ಟೇ ಮುಖ್ಯ.

ಡೀಸೆಲ್ ಸುಟ್ಟು ಬರುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಮಾತ್ರ ಗಾಲಿ ತಿರುಗಿಸುತ್ತದೆ. ಉಳಿದದ್ದು ಅರ್ಧ ಎಂಜಿನ್ ತಣಿಸುವ ದ್ರವವಾದ ಕೂಲಂಟ್‌ಗೆ, ಅರ್ಧ ಹೊಗೆ ಕೊಳವೆಗೆ ಹೋಗುತ್ತದೆ. ಒಂದು ದಾರಿ ಕಟ್ಟಿಕೊಂಡರೆ ಇನ್ನೊಂದರ ಮೇಲೆ ಭಾರ. ಅದಕ್ಕೇ ಎರಡನ್ನೂ ಒಟ್ಟಿಗೆ ನೋಡಬೇಕು.

ದುಡ್ಡು ಸುರಿಯುವ ಮೊದಲು ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್ ನೋಡಿ. ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ಮೊದಲು ನಾಲ್ಕಾರು ಗುಳ್ಳೆ ಬರಬಹುದು, ಅದು ಒಳಗೆ ಸಿಕ್ಕಿಕೊಂಡ ಗಾಳಿ. ಗುಳ್ಳೆ ನಿಲ್ಲದೇ ಬರುತ್ತಲೇ ಇದ್ದರೆ, ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ, ಗಾಡಿ ಬಿಸಿಯಾದ ಮೇಲೂ ಬಿಳಿ ಹೊಗೆ ಹೋಗದಿದ್ದರೆ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ಆಗ ಹೆಡ್ ಕೆಲಸವೇ ಮೊದಲು. ಇನ್ನೊಂದು ಮಾತು. ಬಿಸಿ ಎಂಜಿನ್‌ನ ಮುಚ್ಚಳ ಯಾವತ್ತೂ ತೆಗೆಯಬೇಡಿ, ಬಟ್ಟೆ ಸುತ್ತಿಕೊಂಡೂ ಬೇಡ. ಮುಖ ಸುಟ್ಟುಕೊಂಡವರನ್ನು ನೋಡಿದ್ದೇನೆ.

ಮುಚ್ಚಳ ಸಣ್ಣ ಸಾಮಾನು, ಆದರೆ ಅದರ ಕೆಲಸ ದೊಡ್ಡದು. ನಮ್ಮ ಹುಬ್ಬಳ್ಳಿ ಸಮುದ್ರ ಮಟ್ಟಕ್ಕಿಂತ ಆರುನೂರು ಮೀಟರ್‌ಗೂ ಎತ್ತರದಲ್ಲಿದೆ. ಇಲ್ಲಿ ಬರೀ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. 0.9 ಬಾರ್ ಒತ್ತಡ ಹಿಡಿಯುವ ಮುಚ್ಚಳ ಇದ್ದರೆ ಕುದಿಯುವ ಮಟ್ಟ ಇಪ್ಪತ್ತು ಡಿಗ್ರಿಯಷ್ಟು ಮೇಲೆ ಹೋಗುತ್ತದೆ. ರಬ್ಬರ್ ಸೀಲ್ ಬಿರುಕು ಬಿಟ್ಟಿದ್ದರೆ, ಸ್ಪ್ರಿಂಗ್ ಸಡಿಲ ಆಗಿದ್ದರೆ ಆ ಲಾಭವೆಲ್ಲ ಹೋಯಿತು. ಮುಚ್ಚಳದ ಮೇಲೆ ಬರೆದ ಸಂಖ್ಯೆ ನೋಡಿ ಅದೇ ಅಳತೆಯದ್ದು ತನ್ನಿ.

ಆಮೇಲೆ ರೇಡಿಯೇಟರ್ ಮುಂದೆ ಕುಳಿತು ಟಾರ್ಚ್ ಹಿಡಿಯಿರಿ. ನಮ್ಮ ಕಡೆ ಎರೆ ಮಣ್ಣಿನ ಧೂಳು, ಹತ್ತಿ, ಹೊಟ್ಟು ಎಲ್ಲ ಸೇರಿ ರೆಕ್ಕೆಗಳ ಸಂದಿಯಲ್ಲಿ ಕಂಬಳಿಯ ಹಾಗೆ ಕೂರುತ್ತದೆ. ಎಂಜಿನ್ ಕಡೆಯಿಂದ ಹೊರಗೆ ನೀರು ಬಿಟ್ಟು ತೊಳೆಯಿರಿ, ಪ್ರೆಷರ್ ಜಾಸ್ತಿ ಬೇಡ, ರೆಕ್ಕೆ ಮಡಚಿಕೊಳ್ಳುತ್ತವೆ. ಮುಂದೆ ಗಾರ್ಡ್‌ಗೆ ಕಟ್ಟಿದ ಕ್ಯಾನ್, ಬೋರ್ಡು ಇದ್ದರೆ ತೆಗೆಯಿರಿ. ಫ್ಯಾನ್ ಸುತ್ತ ಇರುವ ಕವಚ (ಶ್ರೌಡ್) ಕಳೆದಿದ್ದರೆ ಹುಡುಕಿ ಹಾಕಿಸಿ. ಅದಿಲ್ಲದೆ ಫ್ಯಾನ್ ಸುಮ್ನೆ ಅಲ್ಲಲ್ಲೇ ಗಾಳಿ ತಿರುಗಿಸುತ್ತದೆ. ಬೆಲ್ಟ್ ಅನ್ನು ಹೆಬ್ಬೆರಳಲ್ಲಿ ಒತ್ತಿದರೆ ಒಂದು ಸೆಂಟಿಮೀಟರ್‌ನಷ್ಟು ಬಗ್ಗಬೇಕು. ಹೋಸ್‌ಗಳನ್ನು ಹಿಸುಕಿ ನೋಡಿ. ಮೆತ್ತಗಾಗಿದ್ದರೂ, ಗಟ್ಟಿಯಾಗಿ ಚಿಟಿಚಿಟಿ ಅಂದರೂ ಬದಲಿಸಿ. ವಾಟರ್ ಪಂಪಿನ ಕೆಳಗೆ ಸಣ್ಣ ತೂತು ಇರುತ್ತದೆ. ಅಲ್ಲಿಂದ ನೀರಿನ ಗುರುತು ಇಳಿದಿದ್ದರೆ ಪಂಪ್ ಸೀಲ್ ಹೋಗಿದೆ.

ಒಳಗಿನ ಕಸವೇ ನಮ್ಮ ಊರಿನ ದೊಡ್ಡ ತೊಂದರೆ. ನಳದ ನೀರು ಬರದ ದಿನ ಬೋರ್ ನೀರು ತುಂಬಿ ತುಂಬಿ ಹಳೇ ಗಾಡಿಗಳ ರೇಡಿಯೇಟರ್ ಕೊಳವೆಗಳಲ್ಲಿ ಬಿಳಿ ಸುಣ್ಣ ಕಟ್ಟಿರುತ್ತದೆ. ಇದನ್ನು ಕಂಡುಹಿಡಿಯಲು ಇನ್ಫ್ರಾರೆಡ್ ಥರ್ಮಾಮೀಟರ್ ತುಂಬಾ ಉಪಯೋಗ. ಗಾಡಿ ಬಿಸಿಯಾದ ಮೇಲೆ ರೇಡಿಯೇಟರ್ ಮೈಮೇಲೆ ಸಾಲಾಗಿ ಅಳೆಯುತ್ತಾ ಹೋಗಿ. ಬಿಸಿ ಮೇಲಿಂದ ಕೆಳಗೆ ನಿಧಾನವಾಗಿ ಕಡಿಮೆ ಆಗಬೇಕು. ನಡುವೆ ಎಲ್ಲೋ ಒಂದು ಪಟ್ಟಿ ತಣ್ಣಗೆ ಸಿಕ್ಕರೆ ಅಲ್ಲಿ ನೀರು ಓಡುತ್ತಿಲ್ಲ ಅಂತ ಅರ್ಥ. ಸಣ್ಣಗೆ ಕಟ್ಟಿದ್ದರೆ ಸಿಟ್ರಿಕ್ ಆಸಿಡ್ ಕಲಸಿದ ನೀರಲ್ಲಿ ಎಂಜಿನ್ ಓಡಿಸಿ, ತಣ್ಣಗಾದ ಮೇಲೆ ಬಸಿದು, ನೀರು ತಿಳಿಯಾಗುವ ತನಕ ತೊಳೆಯಬಹುದು. ಜಾಸ್ತಿ ಕಟ್ಟಿದ್ದರೆ ರೇಡಿಯೇಟರ್ ಕೆಲಸದವರ ಹತ್ತಿರವೇ ಒಯ್ಯಿರಿ. ತಾಮ್ರ-ಹಿತ್ತಾಳೆಯದಾದರೆ ಟ್ಯಾಂಕ್ ಬಿಚ್ಚಿ, ಕೊಳವೆಗಳಲ್ಲಿ ಸಲಾಕೆ ಆಡಿಸಿ, ಮತ್ತೆ ಬೆಸುಗೆ ಹಾಕುತ್ತಾರೆ. ಹಳೇ ತಾಮ್ರದ ರೇಡಿಯೇಟರ್ ಇದ್ದರೆ ಕೊಟ್ಟು ಬಿಡಬೇಡಿ, ರಿಪೇರಿಗೆ ಅದರಂಥದ್ದು ಇಲ್ಲ.

ಈಗ ಥರ್ಮೋಸ್ಟಾಟ್. ಬಿಚ್ಚಿ ಒಂದು ಪಾತ್ರೆ ನೀರಲ್ಲಿ ದಾರ ಕಟ್ಟಿ ಇಳಿಬಿಡಿ, ತಳಕ್ಕೆ ತಾಗಬಾರದು. ಪಕ್ಕದಲ್ಲಿ ಥರ್ಮಾಮೀಟರ್ ಇಡಿ, ಒಲೆ ಹಚ್ಚಿ. 80 ಡಿಗ್ರಿ ಆಸುಪಾಸಿನಲ್ಲಿ ಅದು ಮೆಲ್ಲಗೆ ಬಾಯಿ ಬಿಡಲು ಶುರು ಮಾಡುತ್ತದೆ. ನೀರು ಕುದಿಯುವ ಹೊತ್ತಿಗೆ ಪೂರ್ತಿ ತೆರೆದಿರಬೇಕು, ಆರಿದ ಮೇಲೆ ಪೂರ್ತಿ ಮುಚ್ಚಬೇಕು. ತೆರೆಯುವಾಗ ಅದರ ಕೆಳಗಿನ ಬಿಲ್ಲೆ ಎಷ್ಟು ಕೆಳಗೆ ಇಳಿಯುತ್ತದೆ ನೋಡಿ. ಆ ಬಿಲ್ಲೆ ಬೈಪಾಸ್ ದಾರಿಯನ್ನು ಮುಚ್ಚುವುದಕ್ಕೆ ಇರುವುದು. ಥರ್ಮೋಸ್ಟಾಟ್ ಕಿತ್ತರೆ ಬೈಪಾಸ್ ಸದಾ ತೆರೆದೇ ಇರುತ್ತದೆ, ಬಿಸಿ ನೀರಲ್ಲಿ ಒಂದು ಪಾಲು ರೇಡಿಯೇಟರ್‌ಗೆ ಹೋಗದೇ ಹಾಗೇ ಎಂಜಿನ್‌ಗೆ ತಿರುಗುತ್ತದೆ. ಘಾಟಿಯಲ್ಲಿ ಅದೇ ಪಾಲು ನಿಮ್ಮನ್ನು ನಿಲ್ಲಿಸುತ್ತದೆ. ಹೊಸದು ತಂದರೂ ಹೀಗೆ ಪರೀಕ್ಷೆ ಮಾಡಿಯೇ ಹಾಕಿ.

ತುಂಬುವಾಗ ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಬೇರೆ ಬೇರೆ ಜಾತಿಯ ಕೂಲಂಟ್ ಬೆರೆಸಬೇಡಿ. ಗಾಡಿಯ ಮೂತಿ ಏರಿನ ಕಡೆ ಇರುವಂತೆ ನಿಲ್ಲಿಸಿ, ನಿಧಾನ ಹೊಯ್ಯಿರಿ, ಮೇಲಿನ ಹೋಸ್ ಹಿಸುಕುತ್ತಾ ಗಾಳಿ ಬಿಡಿಸಿ. ಬಸಿದ ಕೂಲಂಟ್ ಗಟಾರಕ್ಕೆ ಚೆಲ್ಲಬೇಡಿ. ಅದು ಸಿಹಿ, ಬೀದಿ ನಾಯಿ, ಎಮ್ಮೆ ನೆಕ್ಕಿದರೆ ಸಾಯುತ್ತವೆ.

ಇನ್ನು ಹೊಗೆಯ ದಾರಿ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಒಬ್ಬರು ದಪ್ಪ ಒದ್ದೆ ಬಟ್ಟೆಯಿಂದ ಸೈಲೆನ್ಸರ್ ಬಾಯಿಯನ್ನು ಎರಡು ಮೂರು ಸೆಕೆಂಡ್ ಒತ್ತಿ ಹಿಡಿಯಲಿ. ಲೀಕ್ ಇದ್ದಲ್ಲಿ ಬುಸ್ ಅನ್ನುತ್ತದೆ. ಎಂಜಿನ್‌ನಿಂದ ಹೊಗೆ ಹೊರಬರುವ ಮ್ಯಾನಿಫೋಲ್ಡ್ ಹತ್ತಿರವಾದರೆ ಟಿಕ್ ಟಿಕ್ ಸದ್ದು, ಸುತ್ತ ಕಪ್ಪು ಮಸಿ. ತುಕ್ಕು ಹಿಡಿದ ಸ್ಟಡ್‌ಗಳನ್ನು ಒತ್ತಾಯದಿಂದ ತಿರುಗಿಸಿದರೆ ಮುರಿಯುತ್ತವೆ. ರಾತ್ರಿಯೇ ಪೆನಿಟ್ರೇಟಿಂಗ್ ಆಯಿಲ್ ಹಾಕಿ ಬಿಡಿ, ಆಗಲೂ ಸಡಿಲ ಆಗದಿದ್ದರೆ ನಟ್ ಕಾಯಿಸಿ ಬಿಚ್ಚಿ. ಹೊಸ ಗ್ಯಾಸ್ಕೆಟ್ ಹಾಕಿ ನಡುವಿನಿಂದ ಎರಡೂ ತುದಿಗೆ ಬಿಗಿಯುತ್ತಾ ಬನ್ನಿ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ, ತಣ್ಣಗಿರುವಾಗ ಇನ್ನೊಮ್ಮೆ ಬಿಗಿ ನೋಡಿ. ತೂತಿಗೆ ಎಪಾಕ್ಸಿ ಮೆತ್ತುವುದು ಬೇಡ, ಬಿಸಿಗೆ ಉದುರಿ ಹೋಗುತ್ತದೆ. ವೆಲ್ಡ್ ಮಾಡಿಸಿ, ಇಲ್ಲವೇ ಪೈಪ್ ಬದಲಿಸಿ.

ಕೂಲಿಂಗ್ ಎಲ್ಲ ಸರಿಯಿದ್ದೂ ಏರಿನಲ್ಲಿ ದಮ್ಮಿಲ್ಲ, ಹೀಟ್ ಏರುತ್ತದೆ ಅಂದರೆ ಸೈಲೆನ್ಸರ್ ಒಳಗೆ ಕಟ್ಟಿರಬಹುದು. ಸೈಲೆನ್ಸರ್‌ಗಿಂತ ಮುಂದಿರುವ ಪೈಪ್ ಜಾಯಿಂಟ್ ಸಡಿಲ ಮಾಡಿ, ಹಿಂದೆ ಯಾರನ್ನೂ ಕೂರಿಸದೆ ಕಿಟಕಿ ತೆರೆದು ಸ್ವಲ್ಪ ದೂರ ಓಡಿಸಿ. ಎಂಜಿನ್ ಹಗುರ ಆದರೆ ಕಾರಣ ಸಿಕ್ಕಿತು.

ಕ್ಯಾಂಪರ್ ಮಾಡುವವರು ವೈರು, ನೀರಿನ ಪೈಪಿಗೆ ನೆಲದಲ್ಲಿ ತೂತು ಕೊರೆದು ಹಾಗೇ ಬಿಟ್ಟಿರುತ್ತಾರೆ. ಒಂದೊಂದನ್ನೂ ಗ್ರಾಮೆಟ್ (ತೂತಿನ ಅಂಚಿಗೆ ಕೂರುವ ರಬ್ಬರ್ ಬಳೆ) ಹಾಕಿ, ಶಾಖ ತಡೆಯುವ ಸೀಲಂಟ್‌ನಿಂದ ಮುಚ್ಚಿ. ಕ್ಯಾಬಿನ್ ಒಳಗಿನ ಎಂಜಿನ್ ಮುಚ್ಚಳದ ರಬ್ಬರ್, ಹಿಂಬಾಗಿಲ ರಬ್ಬರ್ ಕೂಡ ಬದಲಿಸಿ. ಟೇಲ್ ಪೈಪ್ ಬಾಡಿ ದಾಟಿ ಹೊರಗೆ ಬಂದಿರಲೇಬೇಕು. ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಡೀಸೆಲ್ ಹೊಗೆಯಲ್ಲಿ ಪೆಟ್ರೋಲಿಗಿಂತ ಕಡಿಮೆ ಅಂತ ಸಮಾಧಾನ ಪಡಬೇಡಿ, ಮುಚ್ಚಿದ ಗಾಡಿಯಲ್ಲಿ ಮಲಗಿದವರಿಗೆ ಕಡಿಮೆಯೂ ಸಾಕು. ದಿಂಬಿನ ಮಟ್ಟದಲ್ಲಿ ಒಂದು ಅಲಾರ್ಮ್ ಹಾಕಿಸಿ. ಎಂಜಿನ್ ಚಾಲೂ ಇಟ್ಟು ಮಲಗುವುದು ಬೇಡವೇ ಬೇಡ, ಎಷ್ಟೇ ಸೆಕೆ ಇರಲಿ.

ಟೆಸ್ಟ್ ಮಾಡಲು, ಮೊದಲು ಊರೊಳಗೆ ಉಣಕಲ್ ಕಡೆ ಓಡಾಡಿಸಿ. ಆಮೇಲೆ ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಾಟಿ. ಇಳಿಯುವಾಗ ಏನೂ ತಿಳಿಯುವುದಿಲ್ಲ, ಅಂಕೋಲಾ ಕಡೆಯಿಂದ ವಾಪಸ್ ಹತ್ತುವಾಗ ಮೀಟರ್ ಮೇಲೆ ಕಣ್ಣಿಡಿ. ಕೆಳಗಿನ ಗೇರಿನಲ್ಲಿ ಹತ್ತಿ, ಪಂಪೂ ಫ್ಯಾನೂ ಜೋರಾಗಿ ತಿರುಗಲಿ. ಮೇಲೆ ಬಂದ ಮೇಲೆ ಕೂಡಲೇ ಆಫ್ ಮಾಡಬೇಡಿ, ಎರಡು ನಿಮಿಷ ಐಡಲ್‌ನಲ್ಲಿ ಬಿಡಿ.

ಸುಗ್ಗಿ ಟೈಮಲ್ಲಿ ಗದಗ, ಹಾವೇರಿ ಕಡೆ ಹೋಗುವವರಿಗೆ ಇನ್ನೊಂದು ವಿಷಯ. ಹಳ್ಳಿ ರಸ್ತೆ ಮೇಲೆ ರಾಶಿಗೆ ಹಾಕಿದ ಹುರುಳಿ, ಕಡಲೆ ಬಳ್ಳಿ ಗಾಡಿಯ ಅಡಿಗೆ ಸುತ್ತಿಕೊಂಡು ಬಿಸಿ ಸೈಲೆನ್ಸರ್‌ಗೆ ತಾಗಿದರೆ ಬೆಂಕಿ ಹತ್ತುತ್ತದೆ. ಪಕ್ಕದಲ್ಲಿ ದಾರಿ ಇದ್ದರೆ ರಾಶಿ ತಪ್ಪಿಸಿ. ದಾಟಲೇಬೇಕಾದರೆ ದಾಟಿದ ಮೇಲೆ ನಿಲ್ಲಿಸಿ, ಬಗ್ಗಿ ನೋಡಿ, ಉದ್ದ ಕೋಲಿನಿಂದ ಹುಲ್ಲು ಎಳೆದು ಹಾಕಿ. ಬೆಂಕಿ ಆರಿಸುವ ಸಿಲಿಂಡರ್ ಹಿಂದಿನ ಕಪಾಟಿನಲ್ಲಿ ಬೇಡ, ಡ್ರೈವರ್ ಕೈಗೆ ಸಿಗುವ ಹಾಗೆ ಸೀಟಿನ ಪಕ್ಕದಲ್ಲೇ ಇರಲಿ.